ಕ್ಲಚ್ಚಕ್ಕ ಬ್ರೇಕು ಬದಲಿಸಿದ್ದು

ಆ ಊರಿನಲ್ಲಿ ಕಾರು ಓಡಿಸುವ ಹೆಂಗಸರ ಪೈಕಿ ಅರ್ಧಕ್ಕರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವಳು ಕ್ಲಚ್ಚಕ್ಕ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಲಿಯಲು ಬಂದವರು ಗೇರು ಬದಲಿಸುವ ಹೊತ್ತಿಗೆ ಪಕ್ಕದ ಸೀಟಿನಿಂದ "ಕ್ಲಚ್ಚು, ಕ್ಲಚ್ಚು" ಎಂದು ಅವಳು ಕೂಗುವುದು ಕಿಟಕಿಯ ಗಾಜು ಏರಿಸಿದ್ದರೂ ರಸ್ತೆಯ ಆಚೆಬದಿಗೆ ಕೇಳುತ್ತಿತ್ತು. ಆಚೆಬದಿಯ ತರಕಾರಿ ಗಾಡಿಯವನು ಮೊದಲು ಹಾಗೆ ಕರೆದ, ಆಮೇಲೆ ಊರೇ ಕರೆಯಿತು. ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಬೇರೇನೋ ಹೆಸರಿದೆ. ಅದನ್ನು ಹೇಳಿ ದಾರಿ ಕೇಳಿದವರಿಗೆ ಅಕ್ಕಪಕ್ಕದವರು ಉತ್ತರ ಕೊಡಲು ತಡವರಿಸುತ್ತಾರೆ.

ಅವಳಿಗೆ ಐವತ್ಮೂರು ವರ್ಷ. ಅದರಲ್ಲಿ ಇಪ್ಪತ್ತೆರಡನ್ನು ಪಂಪು ತಯಾರಿಸುವ ಕಾರ್ಖಾನೆಯ ಅಳತೆ ವಿಭಾಗದಲ್ಲಿ ಕಳೆದಿದ್ದಳು. ಲೇತಿನಿಂದ ಇಳಿದು ಬಂದ ಶಾಫ್ಟುಗಳನ್ನು ಒಂದೊಂದಾಗಿ ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಇಡುವುದು ಅವಳ ಕೆಲಸ. ತಿಂಗಳ ಕೊನೆಯಲ್ಲಿ ಫೋರ್‌ಮನ್ ಹತ್ತಿರ ಬಂದು, "ಇವತ್ತೊಂದು ದಿನ ಸ್ವಲ್ಪ ಕಣ್ಣು ಮುಚ್ಕೊಳ್ಳಮ್ಮ, ಲಾರಿ ಕಾಯ್ತಿದೆ" ಅನ್ನುತ್ತಿದ್ದ. "ಕಣ್ಣು ಮುಚ್ಚಿದ್ರೆ ಸ್ಕೇಲು ಕಾಣಲ್ಲ ಸಾರ್" ಎಂದು ಅವಳು ಮುಂದಿನ ಶಾಫ್ಟು ಎತ್ತಿಕೊಳ್ಳುತ್ತಿದ್ದಳು. ಕೊನೆಗೆ ಕಾರ್ಖಾನೆಯೇ ಕಣ್ಣು ಮುಚ್ಚಿತು. ಅವಳ ಕೈಯಲ್ಲಿ ಉಳಿದದ್ದು ಸ್ವಂತಕ್ಕೆ ಕೊಂಡಿದ್ದ ಒಂದು ವರ್ನಿಯರ್ ಅಳತೆಗೋಲು. ಗಂಡ ಅದಕ್ಕೊಂದು ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟ. ಗಂಡ ಟೈಲರ್, ಮನೆಯ ಮುಂಭಾಗದ ಕೋಣೆಯೇ ಅಂಗಡಿ.

ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು ಡ್ರೈವಿಂಗ್ ಕಲಿಯಲು ಹೋದಾಗ ಅಲ್ಲಿನ ಮಾಸ್ತರು, "ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ" ಎಂದು ನಕ್ಕಿದ್ದರು. ಎರಡು ವರ್ಷ ಬಿಟ್ಟು ಅದೇ ರಸ್ತೆಯಲ್ಲಿ, ಆ ಮಾಸ್ತರ ಬಾಗಿಲಿಗೆ ಸರಿಯಾಗಿ ಎದುರು, ಅವಳು ತನ್ನ ಬೋರ್ಡು ತೂಗುಹಾಕಿದಳು. ಬೇಕೆಂದೇ ಎದುರಿಗೆ ಹಾಕಿದೆಯಾ ಎಂದು ಗಂಡ ಕೇಳಿದಾಗ, "ಮತ್ತೆ, ಬೆನ್ನಿಗೆ ಹಾಕೋಕಾಗತ್ತಾ?" ಅಂದಿದ್ದಳು.

ಅವಳ ಕಾರು ಹದಿನಾಲ್ಕು ವರ್ಷದ್ದು, ಚಿಕ್ಕದು, ಮೂಗು ಮೊಂಡು. ಕಲಿಸುವವರಿಗೆಂದು ಎಡಗಡೆಯೂ ಒಂದು ಜೊತೆ ಪೆಡಲು ಕೂಡಿಸಿತ್ತು. ಊರಿನ ಮೇಲ್ಭಾಗದಲ್ಲಿ ನೀರಿನ ಟ್ಯಾಂಕ್ ಇದೆ; ಅಲ್ಲಿಂದ ಮಾರ್ಕೆಟ್ಟಿನವರೆಗೆ ಒಂದೂವರೆ ಕಿಲೋಮೀಟರ್ ಇಳಿಜಾರು, ನಡುವೆ ಮೂರು ತಿರುವು. ಟ್ಯಾಂಕ್ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿ ಬಾರದವರಿಗೆ ಕ್ಲಚ್ಚಕ್ಕ ಕಲಿತಾಯಿತು ಎಂದು ಹೇಳಿದ್ದೇ ಇಲ್ಲ.

ಒಂದು ಬೆಳಿಗ್ಗೆ ಔಷಧಿ ಅಂಗಡಿಯ ಹೆಣ್ಣುಮಗಳೊಬ್ಬಳು ಸ್ಟಿಯರಿಂಗ್ ಹಿಡಿದಿದ್ದಳು. ಮೂರನೆಯ ಸಲ ಇಳಿಯುತ್ತಿದ್ದರು. ಹುಡುಗಿಗೆ ಭಯ, ಮೇಲಿನಿಂದ ಕೆಳಗಿನವರೆಗೆ ಬ್ರೇಕಿನ ಮೇಲಿಟ್ಟ ಕಾಲು ತೆಗೆದಿರಲಿಲ್ಲ. ಎರಡನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಕ್ಲಚ್ಚಕ್ಕ ತನ್ನ ಬದಿಯ ಬ್ರೇಕು ತುಳಿದಳು. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಆದರೆ ಕಾರು ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಎರಡೂ ಕಾಲು ಸೇರಿಸಿ ತುಳಿದರೂ ಅಷ್ಟೇ. ಕೆಳಗೆ ಸಿಮೆಂಟು ಇಳಿಸುತ್ತಿದ್ದ ಲಾರಿಯೊಂದು ಅಡ್ಡ ನಿಂತಿತ್ತು. ಕ್ಲಚ್ಚಕ್ಕ ಹ್ಯಾಂಡ್‌ಬ್ರೇಕ್ ಎಳೆದಳು, ಗೇರನ್ನು ಒಂದಕ್ಕೆ ತಳ್ಳಿದಳು, ಹುಡುಗಿಯ ಕೈ ಮೇಲೆ ಕೈಯಿಟ್ಟು ಸ್ಟಿಯರಿಂಗನ್ನು ಫುಟ್‌ಪಾತಿನ ಕಡೆ ಒತ್ತಿ ಹಿಡಿದಳು. ಟೈರು ಕಲ್ಲಿಗೆ ಉಜ್ಜಿಕೊಂಡು ಕಿರುಚಿತು. ಲಾರಿಯ ಹಿಂಬಾಗಿಲಿಗೆ ಒಂದು ಮೊಳ ಉಳಿದಿರುವಾಗ ಕಾರು ನಿಂತಿತು.

ಹುಡುಗಿ ಇಳಿದು ಫುಟ್‌ಪಾತಿನ ಮೇಲೆ ಕೂತಳು. "ನಾನು ಏನು ತಪ್ಪು ಮಾಡ್ದೆ ಅಕ್ಕ?" ಅಂದಳು.

"ತಪ್ಪು ಮಾಡಿದ್ದೀಯ, ಇಳಿಜಾರಲ್ಲಿ ಬ್ರೇಕ್ ಹಿಡ್ಕೊಂಡೇ ಬರಬಾರದು. ಆದ್ರೂ ಕಾರು ನಿಲ್ಬೇಕಿತ್ತು."

ಮಾರನೆಯ ದಿನ ಕ್ಲಚ್ಚಕ್ಕ ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದಳು. ಟೈ ಕಟ್ಟಿದ ಸೂಪರ್‌ವೈಸರ್ ಕಾರನ್ನು ಅಂಗಳದಲ್ಲಿ ಎರಡು ಸುತ್ತು ಹಾಕಿಸಿ, ಚಕ್ರ ಬಿಚ್ಚಿ ನೋಡಿಸಿ, ಕಾಗದ ತಂದ.

"ಬ್ರೇಕ್ ಪರ್ಫೆಕ್ಟ್ ಇದೆ ಮೇಡಂ. ಪ್ಯಾಡ್ ಹೊಸದು ಹಾಕಿದ್ದೀವಿ. ಕಂಪನಿ ಲೆಕ್ಕಕ್ಕೆ ಎಲ್ಲಾ ಸರಿಯಾಗಿದೆ."

"ತಣ್ಣಗಿರೋವಾಗ ಸರಿಯಾಗೇ ಇರತ್ತೆ. ಮೂರು ಸಲ ಇಳಿಜಾರು ಇಳಿದು ಕಾದ ಮೇಲೆ ನೋಡಿದ್ರಾ?"

"ಅದು ಡ್ರೈವಿಂಗ್ ಹ್ಯಾಬಿಟ್ ಮೇಡಂ. ಬ್ರೇಕ್ ಒತ್ಕೊಂಡೇ ಇಳಿದ್ರೆ ಯಾವ ಕಾರೂ ಹಾಗೇನೇ. ಓಡಿಸೋರು ಸರಿಯಾಗಿ ಓಡಿಸ್ಬೇಕು."

"ಸರಿಯಾಗಿ ಓಡಿಸೋಕೆ ಬರೋರು ನನ್ನ ಹತ್ರ ಯಾಕಪ್ಪ ಬರ್ತಾರೆ? ತಪ್ಪು ಮಾಡೋಕೇ ಅವ್ರು ನನ್ನ ಕಾರಿಗೆ ಬರೋದು. ಅವ್ರು ತಪ್ಪು ಮಾಡಿದಾಗ್ಲೂ ನಿಲ್ಲೋ ಬ್ರೇಕ್ ಬೇಕು ನನಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ."

ಆ ಮಾದರಿಗೆ ಇರುವುದೇ ಆ ಬ್ರೇಕು, ಬೇರೆ ಬರುವುದಿಲ್ಲ ಎಂದು ಅವನು ಕಾಗದಕ್ಕೆ ಸಹಿ ಕೇಳಿದ. ಅವಳು "ಬಿಸಿ ಮಾಡಿ ನೋಡಿಲ್ಲ" ಎಂದು ಬರೆದು ಅದರ ಕೆಳಗೆ ಸಹಿ ಮಾಡಿದಳು.

ಭಾನುವಾರ ಮನೆಗೆ ಭಾವ ಬಂದರು. ಗಂಡನ ಅಣ್ಣ; ಕಬ್ಬಿಣದ ಬೀರು, ಮಂಚ ಮಾರುವ ಅಂಗಡಿಯವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಲಾರಿಯ ಸುದ್ದಿ ಅವರ ಕಿವಿಗೆ ಬೀಳುವ ಹೊತ್ತಿಗೆ ಒಂದು ಮೊಳ ಒಂದು ಗೇಣಾಗಿತ್ತು.

"ಆ ಡಬ್ಬಾನ ಗುಜರಿಗೆ ಹಾಕು. ಸ್ಕೂಲೂ ಮುಚ್ಚು. ಐವತ್ತು ದಾಟಿದ ಮೇಲೆ ಹೆಂಗಸಿಗೆ ಇದು ಬೇಕಾ? ಇವನ ಅಂಗಡೀಲಿ ಕೂತ್ಕೊಂಡು ಗುಂಡಿ ಹೊಲ್ಕೊಂಡಿರು, ಸಾಕು."

"ಗುಂಡಿ ಹೊಲಿಯೋಕೆ ನಿಮ್ಮ ತಮ್ಮ ಇದ್ದಾರಲ್ಲ ಭಾವ. ನನಗಿಂತ ಚೆನ್ನಾಗಿ ಹೊಲೀತಾರೆ."

ತಮ್ಮ ಹೊಲಿಗೆ ಯಂತ್ರದ ಮೇಲೆ ಬಗ್ಗಿ ದಾರ ಪೋಣಿಸುತ್ತಿದ್ದ. ಪೋಣಿಸಿಯಾಗಿದ್ದರೂ ತಲೆಯೆತ್ತಲಿಲ್ಲ.

"ನಾಳೆ ಯಾರದ್ದಾದ್ರೂ ಜೀವ ಹೋದ್ರೆ?" ಎಂದರು ಭಾವ.

ಆ ಮಾತು ಮಾತ್ರ ನಾಟಿತು. ಅವಳಿಗೂ ಮೂರು ದಿನದಿಂದ ಕಣ್ಣು ಮುಚ್ಚಿದರೆ ಲಾರಿಯ ಹಿಂಬಾಗಿಲೇ ಕಾಣುತ್ತಿತ್ತು. "ಅದಕ್ಕೇ ಪಾಠ ನಿಲ್ಸಿದ್ದೀನಿ. ಬ್ರೇಕ್ ಸರಿಯಾಗೋವರೆಗೆ ಒಬ್ಬರನ್ನೂ ಕೂರ್ಸಲ್ಲ. ಆದ್ರೆ ಸ್ಕೂಲ್ ಮುಚ್ಚಲ್ಲ" ಅಂದಳು. ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ದಾರಿ ತೋರಿಸಿದ್ದು ಟೈರಿನ ಅಂಗಡಿ. ಫುಟ್‌ಪಾತಿಗೆ ಉಜ್ಜಿ ಕೆಟ್ಟಿದ್ದ ಟೈರು ಬದಲಿಸಲು ಹೋದವಳು, ಪಕ್ಕದಲ್ಲಿ ಚಕ್ರ ಬಿಚ್ಚಿ ಜಾಕಿನ ಮೇಲೆ ನಿಲ್ಲಿಸಿದ್ದ ಇನ್ನೊಂದು ಕಾರಿನ ಮುಂದೆ ನಿಂತುಬಿಟ್ಟಳು. ಅವಳ ಕಾರಿನ ಕಂಪನಿಯದೇ, ಉದ್ದ ಡಿಕ್ಕಿಯ ದೊಡ್ಡಣ್ಣ. ಚಕ್ರ ಕೂರುವ ನಾಲ್ಕು ಬೋಲ್ಟು ಅವಳ ಕಾರಿನ ಹಾಗೆಯೇ ಕಂಡವು. ಆದರೆ ಬ್ರೇಕಿನ ತಟ್ಟೆ, ಅಂದರೆ ಡಿಸ್ಕು, ಅಗಲವಾಗಿತ್ತು. ಅದಕ್ಕಿಂತ ಹೆಚ್ಚಾಗಿ ದಪ್ಪವಾಗಿತ್ತು. ಎರಡು ತಟ್ಟೆಗಳ ನಡುವೆ ಸಂದು ಬಿಟ್ಟು ಗಾಳಿಯಾಡುವಂತೆ ಮಾಡಿದ್ದರು. ಅವಳ ಕಾರಿನದು ಒಂದೇ ತೆಳು ತಟ್ಟೆ. ಕಾದರೆ ಶಾಖ ಹೋಗಲು ದಾರಿಯಿಲ್ಲ.

ಚೀಲದಿಂದ ವರ್ನಿಯರ್ ಬಂತು. "ಅಕ್ಕ, ಅದು ಬೇರೆ ಗಿರಾಕಿ ಕಾರು" ಎಂದ ಟೈರಿನವನು.

"ಕಚ್ಚಲ್ಲ, ಅಳೀತೀನಿ ಅಷ್ಟೆ."

ಡಿಸ್ಕು ಇನ್ನೂರ ಮೂವತ್ತನಾಲ್ಕು ಮಿಲಿಮೀಟರ್. ಅವಳದು ಇನ್ನೂರ ಹದಿನೈದು. ದಪ್ಪ ಹದಿನೇಳು, ಅವಳದು ಹತ್ತು. ಬೋಲ್ಟುಗಳ ನಡುವಿನ ದೂರ ಎರಡಕ್ಕೂ ಒಂದೇ. ಮಾಪು ಬರೆದುಕೊಳ್ಳಲು ಕಾಗದ ಸಿಗದೆ ಟೈರಿನ ರಸೀದಿಯ ಹಿಂದೆ ಬರೆದಳು. ಮನೆಗೆ ಬಂದು ಗಂಡನಿಗೆ ತೋರಿಸಿದಳು.

ಅವನು ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಕಾರಿನ ವಿಷಯ ಅವನಿಗೆ ಅಷ್ಟಕ್ಕಷ್ಟೆ. "ಅಂದ್ರೆ, ಇನ್ನೊಬ್ಬರ ಅಂಗಿ ತೋಳು ಬಿಚ್ಚಿ ಈ ಅಂಗಿಗೆ ಹಚ್ತೀಯ."

"ಹಾಗೇ ಅಂತಿಟ್ಕೊಳ್ಳಿ."

"ಹಚ್ಚಬಹುದು. ನಾನೂ ಎಷ್ಟೋ ಹಚ್ಚಿದ್ದೀನಿ. ಕೈ ಇಳಿಬಿಟ್ಟಾಗ ಎಲ್ಲಾ ಚೆನ್ನಾಗೇ ಕಾಣತ್ತೆ ಕಣೆ. ಕೈ ಎತ್ತಿದಾಗ ಕಂಕುಳಲ್ಲಿ ಎಳೆಯತ್ತೆ. ಕಂಕುಳು ನೋಡ್ಕೋ."

ಊರಾಚೆಯ ಗುಜರಿಯಲ್ಲಿ ಒಬ್ಬ ಅಜ್ಜ ಇದ್ದ. ಮುರಿದ ಕಾರುಗಳನ್ನು ಮೂರು ಅಂತಸ್ತಾಗಿ ಪೇರಿಸಿ, ಕೆಳಗೆ ತಾನೊಂದು ಬಸ್ಸಿನ ಸೀಟು ಹಾಕಿಕೊಂಡು ಕೂರುತ್ತಿದ್ದ. ಉದ್ದ ಡಿಕ್ಕಿಯ ಕಾರು ಎರಡಿದ್ದವು. ಒಂದಕ್ಕೆ ಹಿಂದಿನಿಂದ ಪೆಟ್ಟು ಬಿದ್ದಿತ್ತು, ಮುಂಭಾಗ ಗಟ್ಟಿ. ಅಜ್ಜ ಅದರ ಡಿಸ್ಕು ಬಿಚ್ಚಿಸಿ ಕೊಟ್ಟ. ಅವಳು ತುಕ್ಕು ಉಜ್ಜಿ ಅಳೆದು ವಾಪಸ್ಸು ಕೊಟ್ಟಳು.

"ಇದು ಸವೆದಿದೆ ಅಜ್ಜ. ಅಂಚಲ್ಲಿ ಅವ್ರೇ ಕೆತ್ತಿದ್ದಾರೆ ನೋಡಿ, ಹದಿನೈದಕ್ಕಿಂತ ತೆಳುವಾದ್ರೆ ಎಸೀರಿ ಅಂತ. ಇದು ಹದಿನೈದೂ ಕಾಲು. ನಾಳೆಯೇ ಎಸೀಬೇಕಾಗತ್ತೆ."

"ಗುಜರಿಗೆ ಬಂದು ಚಿನ್ನದಂಗಡೀಲಿ ನೋಡೋ ಹಾಗೆ ನೋಡ್ತೀಯಲ್ಲಮ್ಮ."

"ಚಿನ್ನ ಕೆಟ್ರೆ ಯಾರೂ ಸಾಯಲ್ಲ."

ಅಜ್ಜ ಕೆಮ್ಮುತ್ತಾ ನಕ್ಕು ಎರಡನೆಯ ಕಾರಿನದನ್ನು ಬಿಚ್ಚಿಸಿದ. ಅದು ಹದಿನಾರೂವರೆ ಇತ್ತು, ಬಿರುಕಿರಲಿಲ್ಲ. ಅವಳು ಡಿಸ್ಕನ್ನು ಬೆರಳಿಗೆ ತೂಗುಬಿಟ್ಟು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು. ಗಂಟೆಯ ಹಾಗೆ ನಾದ ಬಂದ ಮೇಲೆ ಪಕ್ಕಕ್ಕೆ ಇಟ್ಟುಕೊಂಡಳು. ಡಿಸ್ಕನ್ನು ಅಪ್ಪಿ ಹಿಡಿಯುವ ಕ್ಯಾಲಿಪರು, ಅದನ್ನು ಹೊತ್ತುಕೊಳ್ಳುವ ನಕ್ಕಲ್ ಎಂಬ ಎರಕದ ತುಂಡು, ಪೆಡಲಿನಿಂದ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರು, ಎಲ್ಲವೂ ಅದೇ ಕಾರಿನಿಂದ ಇಳಿದವು. ದೊಡ್ಡ ಕ್ಯಾಲಿಪರಿಗೆ ಹೆಚ್ಚು ಆಯಿಲ್ ಬೇಕು, ಹಳೆಯ ಸಿಲಿಂಡರ್ ಇಟ್ಟರೆ ಪೆಡಲು ಆಳಕ್ಕೆ ಹೋಗುತ್ತದೆ ಎಂದು ಅವಳಿಗೆ ಹೊಳೆದಿತ್ತು. ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸುಮ್ಮನೆ ಕಳೆದಿರಲಿಲ್ಲ.

ಈಗ ಮೇಸ್ತ್ರಿಯ ಸರದಿ. ಶೆಡ್ಡಿನ ಮೇಸ್ತ್ರಿ ಹತ್ತು ವರ್ಷದಿಂದ ಅವಳ ಕಾರು ನೋಡುತ್ತಿದ್ದವನು. ಸಾಮಾನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ.

"ಅಕ್ಕ, ನಾನು ಕೈ ಹಾಕಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರತ್ತೆ."

"ನಿನ್ನ ತಲೆ ಜೋಪಾನವಾಗಿ ಇಟ್ಕೋ ಮೇಸ್ತ್ರಿ. ಜಾಗ ಕೊಡು, ಜಾಕ್ ಕೊಡು, ಸ್ಪ್ಯಾನರ್ ಕೊಡು. ನಾನು ಮಾಡ್ತೀನಿ."

"ನೀವಾ?"

"ನೀನು ಪಕ್ಕದಲ್ಲಿ ಕೂತ್ಕೊಂಡು ತಪ್ಪಾದ್ರೆ ಹೇಳು. ಅಷ್ಟಾದ್ರೂ ಮಾಡ್ತೀಯೋ, ಬಾಯಿ ಮೇಲೂ ಏನಾದ್ರೂ ಬರತ್ತೋ?"

ಅವನು ಒಪ್ಪಿದ. ಶೆಡ್ಡಿಗೆ ರಜೆಯಿದ್ದ ದಿನ ಬೆಳಿಗ್ಗೆ ಅವಳು ಗಂಡನ ಹಳೇ ಅಂಗಿ ಹಾಕಿಕೊಂಡು, ಕೂದಲಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಹಿಂದಿನ ವಾರವೆಲ್ಲ ಮನೆಯ ಹಿತ್ತಿಲಿನಲ್ಲಿ ಕ್ಯಾಲಿಪರು ಬಿಚ್ಚಿ, ಉಜ್ಜಿ, ಒಳಗಿನ ಪಿಸ್ಟನ್ನಿಗೆ ಹೊಸ ರಬ್ಬರ್ ಉಂಗುರ ಕೂರಿಸಿಟ್ಟಿದ್ದಳು. ಪ್ಯಾಡೂ ಹೊಸದು, ಪೈಪೂ ಹೊಸದು. ಕಬ್ಬಿಣ ಹಳೇದಾದರೂ ನಡೆಯುತ್ತೆ, ರಬ್ಬರು ಹೊಸದೇ ಆಗಬೇಕು ಎಂಬುದು ಅವಳ ನಿಯಮ.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಅವಳು ತಪ್ಪು ಬೋಲ್ಟಿಗೆ ಕೈ ಹಾಕಿದರೆ ಹುಬ್ಬು ಏರಿಸುತ್ತಿದ್ದ, ಸರಿಯಾದದ್ದಕ್ಕೆ ಹಾಕಿದರೆ ಹುಬ್ಬು ಇಳಿಸುತ್ತಿದ್ದ. ಎಡಗಡೆಯ ಹಳೇ ನಕ್ಕಲ್ ಜಪ್ಪಯ್ಯ ಅಂದರೂ ಬರಲಿಲ್ಲ. ಅವಳು ಸುತ್ತಿಗೆ ಎತ್ತಿದಳು, ಒಮ್ಮೆ ಬಡಿದಳು, ಎರಡು ಸಲ ಬಡಿದಳು. ಮೂರನೆಯದಕ್ಕೆ ಮೇಸ್ತ್ರಿ ಎದ್ದೇಬಿಟ್ಟ.

"ಅಲ್ಲಿಗೆ ಹೊಡೀಬಾರದು ಅಕ್ಕ, ಈ ಪಕ್ಕಕ್ಕೆ. ಕೊಡಿ ಇಲ್ಲಿ." ಒಂದೇ ಪೆಟ್ಟಿಗೆ ಅದು ಕಳಚಿ ಬಂತು. ಸುತ್ತಿಗೆ ಅವನ ಕೈಯಲ್ಲೇ ಉಳಿಯಿತು. ಅವಳೂ ವಾಪಸ್ಸು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡೂ ಬದಿ ಕೂತಿತ್ತು. ಹಳೇ ಚಕ್ರ ತೊಡಿಸಿ ಕೈಯಿಂದ ತಿರುಗಿಸಿದರೆ ಶಬ್ದವೇನೂ ಇಲ್ಲ. ಮೇಸ್ತ್ರಿ ಮೀಸೆಯಲ್ಲೇ ನಕ್ಕ. ಕ್ಲಚ್ಚಕ್ಕ ಮಾತ್ರ ಬುತ್ತಿ ಡಬ್ಬಿಯ ಪಕ್ಕದ ಇನ್ನೊಂದು ಡಬ್ಬಿ ತೆಗೆದಳು. ಅದರಲ್ಲಿ ಕಲಸಿದ ಹಿಟ್ಟಿತ್ತು.

"ಇದೇನು, ಇಲ್ಲೇ ಅಡುಗೇನಾ?"

ಅವಳು ಹಿಟ್ಟಿನ ಉಂಡೆಗಳನ್ನು ಕ್ಯಾಲಿಪರಿನ ಬೆನ್ನಿಗೆ ಅಂಟಿಸಿ, ಚಕ್ರ ತೊಡಿಸಿ, ಬಿಗಿದು, ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದಳು. ಉಂಡೆ ಹಪ್ಪಳವಾಗಿತ್ತು. ಅಳೆದರೆ ಒಂದು ಮಿಲಿಮೀಟರ್ ಕೂಡ ಇಲ್ಲ. ಚಕ್ರಕ್ಕೂ ಕ್ಯಾಲಿಪರಿಗೂ ನಡುವೆ ಇದ್ದದ್ದು ಅಷ್ಟೇ ಜಾಗ. ಕಾದು ಹಿಗ್ಗಿದರೆ, ಒಂದು ಚೂರು ಕಲ್ಲು ಸಿಕ್ಕರೆ, ಉಜ್ಜಿಬಿಡುತ್ತದೆ. ಮೇಸ್ತ್ರಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ ಹಳೇ ಚಕ್ರವನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ. ಗುಜರಿಯಿಂದ ದೊಡ್ಡಣ್ಣನ ಚಕ್ರಗಳನ್ನೂ ತರಬೇಕಾಯಿತು.

ಚಕ್ರ ಬಂದ ದಿನ ಕಾರು ನೆಲಕ್ಕಿಳಿಯುವುದೇ ಬಾಕಿ. ಆಗ ಅವಳಿಗೆ ಕಂಕುಳು ನೆನಪಾಯಿತು. ಜಾಕಿನ ಮೇಲಿರುವಾಗಲೇ ಮೇಸ್ತ್ರಿಯನ್ನು ಸೀಟಿನಲ್ಲಿ ಕೂರಿಸಿ, "ಸ್ಟಿಯರಿಂಗ್ ಪೂರ್ತಿ ಬಲಕ್ಕೆ ಕಟ್ ಮಾಡು, ಈಗ ಪೂರ್ತಿ ಎಡಕ್ಕೆ" ಅಂದಳು. ನೇರವಿದ್ದಾಗ ಸಡಿಲವಾಗಿ ತೂಗುತ್ತಿದ್ದ ಬ್ರೇಕಿನ ಪೈಪು, ಚಕ್ರ ಪೂರ್ತಿ ತಿರುಗಿದಾಗ ತಂತಿಯ ಹಾಗೆ ಬಿಗಿದು ನಿಂತಿತು. ಚಿಕ್ಕ ಕಾರಿನ ಅಳತೆಯ ಹೊಸ ಪೈಪು ಅದು. ಹಾಗೆ ತಿರುಗಿರುವಾಗ ರಸ್ತೆಯ ಗುಂಡಿಗೆ ಚಕ್ರ ಇಳಿದಿದ್ದರೆ ಕಿತ್ತು ಬರುತ್ತಿತ್ತು.

"ಬಿಚ್ಚು" ಅಂದಳು.

"ಅಕ್ಕ, ಇವತ್ತು ಓಡಿಸಿ ನೋಡೋಣ, ಪೈಪು ನಾಳೆ..."

"ಬಿಚ್ಚು ಮೇಸ್ತ್ರಿ."

ಉದ್ದ ಪೈಪು ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಕಾರು ಶೆಡ್ಡಿನಲ್ಲಿ ಮೂಗೆತ್ತಿಕೊಂಡು ನಿಂತಿತ್ತು. ಎದುರಿನ ಸ್ಕೂಲಿನ ಮಾಸ್ತರಿಗೆ ಒಳ್ಳೆಯ ಕಾಲ ಬಂತು. ಅವಳ ಹತ್ತಿರ ಕಲಿಯುತ್ತಿದ್ದ ಆರು ಮಂದಿ ಅತ್ತ ಹೋದರು. ಹೋಗುವವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು, "ಅಲ್ಲಿ ಕಲೀರಿ, ಪರ್ವಾಗಿಲ್ಲ. ಇಳಿಜಾರಿಗೆ ಮಾತ್ರ ನನ್ನ ಹತ್ರ ಬನ್ನಿ" ಎಂದು ಅವರನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸುತ್ತಿದ್ದಳು.

ಪೈಪು ಬಂತು. ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ತೆಗೆದು, ಮೊದಲು, ಮುಚ್ಚಿಹೋದ ಕಾರ್ಖಾನೆಯ ಖಾಲಿ ಮೈದಾನದಲ್ಲಿ ಎರಡು ದಿನ ಓಡಿಸಿದರು. ನೆಲಕ್ಕೆ ನೀರು ಚೆಲ್ಲಿ, ಒದ್ದೆಯಲ್ಲಿ ಜೋರಾಗಿ ತುಳಿದು, ಮುಂದಿನ ಚಕ್ರ ಜಾರುತ್ತದಾ, ಹಿಂಭಾಗ ತಿರುಗುತ್ತದಾ ಎಂದು ಮೇಸ್ತ್ರಿ ಹೊರಗೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಮುಂದಿನದು ಕೊಂಚ ಬೇಗ ಹಿಡಿಯುತ್ತಿತ್ತು, ಆದರೆ ಕಾರು ನೆಟ್ಟಗೆ ನಿಲ್ಲುತ್ತಿತ್ತು. ಆಮೇಲೆ ಟ್ಯಾಂಕ್ ಇಳಿಜಾರು.

ಗಂಡ ಅಂಗಡಿ ಮುಚ್ಚಿ ಬಂದಿದ್ದ. "ನಾನೂ ಕೂತ್ಕೊಳ್ತೀನಿ" ಅಂದ.

"ಬೇಡ. ಇಬ್ಬರೂ ಹೋದ್ರೆ ಅಳೋಕೆ ಯಾರಿರ್ತಾರೆ?"

ಅವನು ಟ್ಯಾಂಕಿನ ಕಟ್ಟೆಯ ಮೇಲೆ ಮೇಸ್ತ್ರಿಯ ಪಕ್ಕ ಕೂತ. ಅವಳು ಒಬ್ಬಳೇ ಇಳಿಸಿದಳು. ಕಲಿಯಲು ಬಂದ ಅತಿ ಹೆದರುಪುಕ್ಕಲಿಯ ಹಾಗೆ ಮೇಲಿನಿಂದ ಕೆಳಗಿನವರೆಗೆ ಬ್ರೇಕು ಬಿಡದೆ ಇಳಿಸಿದಳು. ಹತ್ತಿಸಿಕೊಂಡು ಬಂದು ಮತ್ತೆ ಇಳಿಸಿದಳು. ಮೂರನೆಯ ಸಲ ಎರಡನೆಯ ತಿರುವಿಗೆ ಬಂದಳು. ರಸ್ತೆಯ ಮೇಲೆ ಮೊದಲೇ ಎಳೆದಿಟ್ಟಿದ್ದ ಸೀಮೆಸುಣ್ಣದ ಗೆರೆ ಬರುತ್ತಲೇ ಪೂರ್ತಿ ತುಳಿದಳು. ಕಾರು ಮೂಗು ತಗ್ಗಿಸಿ, ಅವಳನ್ನು ಸೀಟು ಬೆಲ್ಟಿಗೆ ಒತ್ತಿ ನಿಂತಿತು. ಅವಳು ಇಳಿದು ಅಡಿಗೆ ಅಡಿಯಿಟ್ಟು ಅಳೆದಳು. ಗೆರೆಯಿಂದ ಇಪ್ಪತ್ತೊಂದು ಹೆಜ್ಜೆ. ನಾಲ್ಕು, ಐದು, ಆರನೆಯ ಸಲವೂ ಇಪ್ಪತ್ತೊಂದು, ಇಪ್ಪತ್ತೆರಡು. ಆರರ ನಂತರ ಮೇಸ್ತ್ರಿ, "ಸಾಕು ಅಕ್ಕ, ಪೆಟ್ರೋಲಾದ್ರೂ ಉಳಿಸಿ" ಅಂದ. ಕಟ್ಟೆಯ ಮೇಲೆ ಕೂತಿದ್ದ ಗಂಡ ಎದ್ದು ಬಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತ. ಏಳನೆಯ ಸಲ ಅವನನ್ನೂ ಕೂರಿಸಿಕೊಂಡು ಇಳಿದಳು.

ವಾರ್ಷಿಕ ತಪಾಸಣೆಗೆಂದು ಸಾರಿಗೆ ಕಚೇರಿಗೆ ಹೋದಾಗ ಇನ್‌ಸ್ಪೆಕ್ಟರ್ ಚಕ್ರದೊಳಗೆ ಟಾರ್ಚು ಹಾಕಿ ನೋಡಿ ತಲೆಯಾಡಿಸಿದ. ಹೊಸದಾಗಿ ಕೆಲಸಕ್ಕೆ ಸೇರಿದವನು.

"ಇದು ಈ ಕಾರಿನ ಬ್ರೇಕ್ ಅಲ್ಲ ಮೇಡಂ. ಪಾಸ್ ಮಾಡಕ್ಕಾಗಲ್ಲ."

"ಈ ಕಾರಿನ ಬ್ರೇಕ್ ಈ ಕಾರನ್ನ ನಿಲ್ಲಿಸ್ಲಿಲ್ಲ ಸಾರ್. ಕೂತ್ಕೊಳ್ಳಿ, ಇದು ನಿಲ್ಲಿಸತ್ತಾ ನೋಡಿ."

"ನಿಲ್ಲತ್ತೋ ಇಲ್ವೋ ಅದಲ್ಲ ಪ್ರಶ್ನೆ."

"ಬ್ರೇಕಿಗೆ ಇನ್ನೇನು ಸಾರ್ ಪ್ರಶ್ನೆ?"

ಅವನು, ದೊಡ್ಡ ಅಧಿಕಾರಿ ನೋಡಿ ಹೇಳಬೇಕು, ಅವರು ಸೋಮವಾರ ಬರುತ್ತಾರೆ ಎಂದ. ಸೋಮವಾರ ಅವರು ಬರಲಿಲ್ಲ. ಮುಂದಿನ ಸೋಮವಾರ ಬಂದು ಬೇಗ ಹೊರಟುಹೋದರು. ಮೂರನೆಯ ಸೋಮವಾರ ಅವಳು ಬುತ್ತಿ ಕಟ್ಟಿಕೊಂಡು, ಕಾರನ್ನು ಅವರ ಜೀಪಿನ ಹಿಂದೆ ಅಡ್ಡ ನಿಲ್ಲಿಸಿ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಹನ್ನೊಂದು ಪುಟದ ಫೈಲು: ಎರಡೂ ಕಾರುಗಳ ಅಳತೆ, ಹಿಟ್ಟಿನ ಅಳತೆ, ಇಳಿಜಾರಿನ ಹೆಜ್ಜೆಗಳ ಪಟ್ಟಿ, ಯಾವ ಬೋಲ್ಟನ್ನು ಎಷ್ಟು ಬಿಗಿದದ್ದು ಎಂಬ ವಿವರ. ಹೊರಡಲು ಬಂದ ಅಧಿಕಾರಿ ದಾರಿ ಕಾಣದೆ ಫೈಲು ಬಿಚ್ಚಿದರು. ನಿಂತಲ್ಲೇ ನಾಲ್ಕು ಪುಟ ಓದಿದರು. ಆಮೇಲೆ ಒಳಗೆ ಹೋಗಿ ಕೂತು ಉಳಿದದ್ದನ್ನು ಓದಿದರು.

"ಎಲ್ಲಿ ಕೆಲಸ ಮಾಡ್ತಿದ್ರಿ ಮೊದಲು?"

ಹೇಳಿದಳು.

"ಹಾಗನ್ನಿ" ಎಂದು ಕೀಲಿಕೈಗೆ ಕೈ ಚಾಚಿದರು. ಅವರೇ ಓಡಿಸಿದರು. ಹೊಸ ಇನ್‌ಸ್ಪೆಕ್ಟರ್ ಹಿಂದೆ ಕೂತು ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಟ್ಯಾಂಕ್ ಇಳಿಜಾರಿನಲ್ಲಿ ನಾಲ್ಕು ಸಲ ಇಳಿದು ಬಂದ ಮೇಲೆ ಅಧಿಕಾರಿ ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡಿದರು. ಕಾರಿನ ಪುಸ್ತಕದಲ್ಲಿ ಬದಲಾವಣೆ ನಮೂದಿಸಿ ಪಾಸು ಮಾಡುತ್ತೇನೆ, ಆದರೆ ವರ್ಷಕ್ಕೆ ಒಮ್ಮೆಯಲ್ಲ, ಆರು ತಿಂಗಳಿಗೆ ಒಮ್ಮೆ ತಂದು ತೋರಿಸಬೇಕು ಎಂದರು.

"ಮೂರು ತಿಂಗಳಿಗೊಮ್ಮೆ ತರ್ತೀನಿ ಸಾರ್. ನೀವು ಇಲ್ಲಿರ್ಬೇಕು ಅಷ್ಟೆ."

ಅರ್ಜಿಯಲ್ಲಿ ಕೆಲಸ ಮಾಡಿದವರ ಹೆಸರು ಬರೆಯಲು ಒಂದು ಗೆರೆಯಿತ್ತು. ಅವಳು ತನ್ನ ಹೆಸರು ಬರೆದಳು. ಜೊತೆಗೆ ಬಂದಿದ್ದ ಮೇಸ್ತ್ರಿ ಹೆಗಲ ಮೇಲಿಂದ ಬಗ್ಗಿ ನೋಡಿ ಗಂಟಲು ಸರಿಮಾಡಿಕೊಂಡ.

"ಅಕ್ಕ, ಅರ್ಧ ಗೆರೆ ಉಳಿದಿದೆಯಲ್ಲ."

"ತಲೆ ಮೇಲೆ ಬರತ್ತೆ ಅಂದಿದ್ದೆಯಲ್ಲ?"

"ಬರ್ಲಿ ಬಿಡಿ."

ಅವನ ಹೆಸರೂ ಸೇರಿತು.

ಪಾಠ ಮತ್ತೆ ಶುರುವಾದ ಮೊದಲ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದವಳು ಓರಗಿತ್ತಿ, ಭಾವನ ಹೆಂಡತಿ. ಐವತ್ತೆಂಟು ವರ್ಷ. ಕೂಡುಮನೆಯಲ್ಲಿದ್ದಾಗಲೂ ಗಂಡನ ಎದುರು ಎರಡು ವಾಕ್ಯ ಒಟ್ಟಿಗೆ ಆಡಿದವಳಲ್ಲ. ಕೈಯಲ್ಲಿ ಅರ್ಜಿ ಹಾಳೆ, ಎರಡು ಫೋಟೋ.

"ಭಾವನಿಗೆ ಹೇಳಿ ಬಂದ್ರಾ ಅಕ್ಕ?"

"ಹೇಳಿದೆ. ಕೇಳೋಕೆ ಹೋಗ್ಲಿಲ್ಲ" ಅಂದಳು ಓರಗಿತ್ತಿ.

ಮೂರು ವಾರಕ್ಕೆ ಅವಳನ್ನು ಟ್ಯಾಂಕಿನ ಹತ್ತಿರ ಕರೆದೊಯ್ಯುವ ದಿನ ಬಂತು. ಕಾರಿನ ಹಿಂದೆ ಇಪ್ಪತ್ತು ಅಡಿ ಬಿಟ್ಟು ಭಾವನ ಸ್ಕೂಟರು ಬರುತ್ತಿತ್ತು. ಇಬ್ಬರೂ ಕನ್ನಡಿಯಲ್ಲಿ ನೋಡಿದರು. ಓರಗಿತ್ತಿ ಹಲ್ಲು ಕಚ್ಚಿಕೊಂಡು ಇಳಿಸಿದಳು. ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಮೂರನೆಯದರಲ್ಲಿ ಎದುರಿಗೆ ನಾಯಿಯೊಂದು ನುಗ್ಗಿತು. ಅವಳು ತುಳಿದ ರಭಸಕ್ಕೆ ಕಾರು ಅಲ್ಲೇ ನಿಂತು ಎಂಜಿನ್ನೂ ಆಫಾಯಿತು. ನಾಯಿ ಒಂದು ಸಲ ನೋಡಿ ದಾಟಿಕೊಂಡಿತು. ಹಿಂದಿನ ಸ್ಕೂಟರು ಕಿರುಚಿಕೊಂಡು ನಿಂತಿತು, ಒಡನೆ ಹಾರ್ನು ಶುರುವಾಯಿತು, ಬಿಡದೆ.

ಓರಗಿತ್ತಿ ಕೈ ಚಾಚಿ ಕನ್ನಡಿಯನ್ನು ತನ್ನ ಮುಖಕ್ಕೆ ಸರಿಯಾಗಿ ತಿರುಗಿಸಿಕೊಂಡಳು. ಹಣೆಯ ಬೆವರು ಒರೆಸಿಕೊಂಡಳು. ಗೇರು ನ್ಯೂಟ್ರಲ್ಲಿಗೆ ತಂದಳು.

"ಕಾಯ್ಲಿ ಬಿಡು" ಎಂದು, ಕೀಲಿಕೈ ತಿರುಗಿಸಿದಳು.